ಅಣ್ಣನ ಕೈಯಳತೆಯ ಸ್ಕೀ

ಸ್ಕುಗ್ದಾಲ, ಭಾನುವಾರ

ಪ್ರೀತಿಯ ಓಡ್ವರಣ್ಣಾ,

ವಾರದೊಳಗೆ ಅತ್ತುಕೊಂಡು ಕಡಲತಡಿಯ ಮನೆಗೆ ಮರಳುತ್ತೀ ಎಂದಿದ್ದೆಯಲ್ಲ, ನಾನಿನ್ನೂ ಈ ಬೆಟ್ಟದಲ್ಲೇ ಇದ್ದೇನೆ. ಇಲ್ಲಿ ನನ್ನಂಥ ಟೀಚರೂ ಶಾಲೆಗೆ ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತಲೇ ಹೋಗಬೇಕು. ನೀನು ಕೊಟ್ಟ ಜೋಡಿ ಕಟ್ಟಿಕೊಂಡು ಹೊರಟೆ. ಗೇಟಿನಲ್ಲೇ ಒಂದರ ಮೇಲೊಂದು ಹತ್ತಿ ನನ್ನನ್ನು ಕೆಡವಿದವು. ಮನೆಯೊಡತಿ ಗುದ್ವೇಗಜ್ಜಿ ಕಿಟಕಿಯಿಂದಲೇ ಕೂಗಿದಳು:

"ನಿಮ್ಮಣ್ಣ ನಿನ್ನದಲ್ಲ, ತನ್ನ ಕೈ ಎತ್ತಿ ಅಳತೆ ತಗೊಂಡಿದಾನೆ ಕಣೇ, ಉದ್ದ ಜಾಸ್ತಿ ಆಯ್ತು! ಕಲಿಯೋರಿಗೆ ತಲೆಗಿಂತ ನಾಲ್ಕು ಬೆರಳು ಜಾಸ್ತಿ ಇದ್ರೆ ಸಾಕು."

ತನ್ನ ಹಳೆಯ ಜೋಡಿ ಕೊಟ್ಟಳು. ನಿನ್ನೆ ಶಾಲೆಯವರೆಗೆ ಹೋಗಿ ಬಂದೆ, ಬಿದ್ದದ್ದು ಮೂರೇ ಸಲ. ಮೊಣಕಾಲು ಊದಿದೆ, ಉಣ್ಣೆಯ ಕಾಲುಚೀಲ ಕಳಿಸು. ನಿನ್ನ ಸ್ಕೀಯನ್ನು ಅಡುಗೆಮನೆಯ ಸೂರಿಗೆ ಅಡ್ಡ ಕಟ್ಟಿದ್ದೇವೆ. ನೀನು ಕಟ್ಟಿಕೊಟ್ಟ ಒಣಮೀನು ತೂಗುಹಾಕಲು ಹೇಳಿ ಮಾಡಿಸಿದ ಉದ್ದ.

ಕಾರ್ಡು ತುಂಬಿತು.
ತಂಗಿ ಬೋರ್ಗ್ನಿ