ಪರದೆಯ ಹಗ್ಗ

ಇಂದಿರಾಪುರಂ
೧೨ ಸೆಪ್ಟೆಂಬರ್ ೨೦೦೬

ಕನ್ನಡ ಸಂಘದ ಕಾರ್ಯದರ್ಶಿ ಶ್ರೀವತ್ಸ ಅವರಿಗೆ ತಿಪ್ಪೇಸ್ವಾಮಿಯ ನಮಸ್ಕಾರ.

ಅಲ್ಝೈಮರ್ಸ್ ರೋಗಿಗಳ ಸಹಾಯಾರ್ಥ ನಾವು ಆಡುವ ನಾಟಕಕ್ಕೆ, ಅದೇ ಕಾಯಿಲೆಯ ನನ್ನ ಹೆಂಡತಿ ಜಲಜಾ ನಾಂದಿಗೀತೆ ಹಾಡುವುದು ಬೇಡವೆಂದಿರಿ. “ಅಂಕಲ್, ಆಂಟಿ ಮಧ್ಯದಲ್ಲಿ ಮರೆತುಬಿಟ್ರೆ ಗೆಸ್ಟ್‌ಗಳ ಮುಂದೆ ಚೆನ್ನಾಗಿರಲ್ಲ. ಅವರ ಫೋಟೋ ಹಾಕೋಣ, ಅಚ್ಛಾ?” ಅಂದಿರಿ.

ಅಚ್ಛಾ ಅಲ್ಲ, ಸ್ವಾಮಿ! ನಾವಿಬ್ಬರೂ ಬೆಳೆದ ನಾಟಕ ಕಂಪನಿಯಲ್ಲಿ, ಯಾರ ಕಾಯಿಲೆಗಾಗಿ ಆಟವೋ ಅವರೇ ಮೊದಲು ರಂಗಕ್ಕೆ ಬಂದು ಕೈಮುಗಿಯುತ್ತಿದ್ದರು. ಕ್ಷಯ ಹತ್ತಿದ ನಮ್ಮ ಭೀಮ ಪಾತ್ರಧಾರಿ ಕೆಮ್ಮುತ್ತಲೇ ಬಂದು ನಿಂತಿದ್ದ. ಅವನ ಫೋಟೋ ಯಾರೂ ಕೇಳಲಿಲ್ಲ.

ಹೌದು, ಜಲಜಾ ಮರೆಯುತ್ತಾಳೆ. ನಿನ್ನೆ ಬಾಗಿಲು ತೆರೆದು ನನ್ನನ್ನೇ “ಯಾರು ಬೇಕಾಗಿತ್ತು?” ಎಂದಳು. ನಾಂದಿ ಮುಗಿಸಿ, ಮುಗಿಸಿದ್ದನ್ನು ಮರೆತು, ಮತ್ತೆ ಮೊದಲಿನಿಂದ ಹಾಡಬಹುದು. ಹಾಡಲಿ! ಈ ಕಾಯಿಲೆ ಏನೆಂದು ತಿಳಿಯಲೆಂದೇ ಅಲ್ಲವೇ ಜನರನ್ನು ಕರೆದಿರುವುದು?

ಮುಖಕ್ಕೆ ಬೀಳುವ ದೀಪ ಮಾತ್ರ ಮಂದವಾಗಿರಲಿ, ಅವಳು ಬೆಚ್ಚುತ್ತಾಳೆ. ಹಾರ್ಮೋನಿಯಂನವರು ಅವಳು ಹಾಡಿದಷ್ಟು ಸಲವೂ ನುಡಿಸಲಿ.

ಪರದೆ ಎಳೆಯಲು ಬೇರೆ ಯಾರನ್ನೂ ನೇಮಿಸಬೇಡಿ. ಅವಳು ತಾನಾಗಿ ನಿಲ್ಲಿಸುವವರೆಗೂ ಆ ಹಗ್ಗ ನನ್ನ ಕೈಯಲ್ಲಿರುತ್ತದೆ.

ಇತಿ, ಅವಳ ಪಕ್ಕದಲ್ಲೇ ನಿಲ್ಲುವ,
ತಿಪ್ಪೇಸ್ವಾಮಿ