ಮೂರನೇ ವಿಷಲ್

3-2-25, ಸೋಮವಾರ

ಮಲಗಿದ್ದು 8.50. ಎದ್ದದ್ದು 9.35. ಹತ್ತಕ್ಕೆ ಮತ್ತೆ ಮಲಗಿದೆ, ಅಷ್ಟರಲ್ಲಿ ಪಕ್ಕದ ರಾಗಿ ಮಿಲ್ಲು ಶುರು. ಟೀ ಏಳು. ಬೀಡಿ ಬರೆಯುವುದಿಲ್ಲ, ಡಾಕ್ಟರು ಕೇಳಿಲ್ಲ.

ಕೋಲಾರದ ಡಾಕ್ಟರು ಕೊಟ್ಟ ಕೆಲಸ ಇದು. ಮಲಗಿದ ಹೊತ್ತು, ಎದ್ದ ಹೊತ್ತು ದಿನಾ ಬರೆದು ಎರಡು ತಿಂಗಳ ಮೇಲೆ ತೋರಿಸಬೇಕಂತೆ. ನಲವತ್ತೇಳನೇ ವರ್ಷಕ್ಕೆ ಹೋಂವರ್ಕು. ಮಗಳು ಶಿವಾನಿಯ ಕಾಲೇಜು ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ.

ಬರೆಯಲು ಏನಿದೆ? ಸಂಜೆ ಏಳಕ್ಕೆ ಯಲ್ದೂರು, ಶ್ರೀನಿವಾಸಪುರದ ಹುಡುಗಿಯರನ್ನು ಹತ್ತಿಸಿಕೊಂಡು ನರಸಾಪುರದ ಫ್ಯಾಕ್ಟರಿಗೆ ಬಿಡುವುದು. ಬಸ್ಸಿನಲ್ಲೇ ಸೊಳ್ಳೆ ಹೊಡೆಯುತ್ತಾ ಬೆಳಗು ಮಾಡುವುದು. ಆರಕ್ಕೆ ನೈಟ್ ಶಿಫ್ಟು ಬಿಟ್ಟ ಮೇಲೆ ಅವರನ್ನೇ ವಾಪಸ್ಸು ತರುವುದು. ಇಪ್ಪತ್ತೆರಡು ವರ್ಷದ ಸ್ಟಿಯರಿಂಗು. ರಸ್ತೆಯಲ್ಲಿ ಒಂದು ಕೋಳಿಯನ್ನೂ ಸಾಯಿಸಿಲ್ಲ. ಹಗಲು ಮಲಗುವುದೊಂದು ಮಾತ್ರ ಕಲಿಯಲಾಗಲಿಲ್ಲ.

"ನಿಮ್ಮ ನಿದ್ದೆ ನಿಮ್ಮೊಬ್ಬರದಲ್ಲ ಭೀಮರಾಜ್, ಹಿಂದೆ ನಲವತ್ತು ಜನ ಕೂತಿರ್ತಾರೆ" ಅಂದರು ಡಾಕ್ಟರು. ಗೊತ್ತಿಲ್ಲವೇ ನನಗೆ?

6-2-25

ಮಿಲ್ಲಿನ ಕಾಟಕ್ಕೆ ಊರಾಚೆ ಭಾವಮೈದನ ಮಾವಿನ ತೋಟದ ಮೋಟಾರ್ ಶೆಡ್ಡಿಗೆ ಮಂಚ ಸಾಗಿಸಿದೆ. ಮುನಿಲಕ್ಷ್ಮಿ ನಕ್ಕಳು. "ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಹೆಂಡ್ತಿ ಬಿಟ್ಟು ಹೊಂಟ್ರಾ?"

ಶೆಡ್ಡಿನಲ್ಲಿ ಸದ್ದಿಲ್ಲ. ಹೂವಿಗೆ ಬಂದ ಜೇನುನೊಣ ಬಿಟ್ಟರೆ ಏನೂ ಇಲ್ಲ. ನಿದ್ದೆಯೂ ಇಲ್ಲ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ನನಗಿರುವ ಚಿಂತೆ ಒಂದೇ — ನಿದ್ದೆ ಬರುವುದಿಲ್ಲ ಅನ್ನುವುದು.

10-2-25

ಶಿವಾನಿ ಫೋನಿಗೆ ಒಂದು ಆಪ್ ಹಾಕಿಕೊಟ್ಟಳು. ಮಳೆ ಸದ್ದು. ಬರೀ ಮಳೆ. ಶೆಡ್ಡಿನಲ್ಲಿ ಟವರ್ ಸಿಗುವುದಿಲ್ಲ, ಚಕ್ರ ಸುತ್ತುತ್ತಲೇ ಇತ್ತು. ಸಂಜೆ ಮನೆಯಲ್ಲಿ ಡೌನ್‌ಲೋಡ್ ಮಾಡಿಕೊಟ್ಟಳು. ಇನ್ನು ನೆಟ್ ಬೇಡವಂತೆ.

14-2-25

ಮೂರು ದಿನ ಚೆನ್ನಾಗಿತ್ತು. ಇವತ್ತು ಒತ್ತಿದರೆ — ಪ್ಲಾನ್ ಮುಗಿದಿದೆ, ಆನ್‌ಲೈನ್ ಬನ್ನಿ. ಮಳೆ ನನ್ನ ಫೋನಿನೊಳಗೇ ಇದೆ, ಬೀಗ ಮಾತ್ರ ಆಪಿನವನದು. ಫೋನನ್ನು ಮಂಚದ ಮೇಲೆ ಎಸೆದೆ.

"ಬಿಡಪ್ಪಾ, ಬೇರೆ ಥರ ಸೇವ್ ಮಾಡ್ಕೊಡ್ತೀನಿ" ಅಂದಳು ಶಿವಾನಿ. ಅಡಿಗೆಮನೆ ಕಟ್ಟೆಯ ಮೇಲೆ ಅವಳ ಫೋನಿನಲ್ಲಿ ಮಳೆ ಹಾಕಿ, ಪಕ್ಕದಲ್ಲಿ ನನ್ನ ಫೋನಿಟ್ಟು ರೆಕಾರ್ಡ್ ಮಾಡಿದಳು. ಮುಕ್ಕಾಲು ಗಂಟೆ. ಇದಕ್ಕೆ ಯಾರ ಬೀಗವೂ ಇಲ್ಲ.

15-2-25

ಮಳೆಯ ನಡುವೆ ನಮ್ಮನೆ ಕುಕ್ಕರ್ ಕೂಗಿತು. ಆರನೇ ನಿಮಿಷಕ್ಕೆ. ಬೆಚ್ಚಿ ಎದ್ದೆ. ಇವಳ ಬುದ್ಧಿಗಿಷ್ಟು ಅಂದುಕೊಳ್ಳುತ್ತಾ ಮತ್ತೆ ಮಲಗಿದೆ. ಎಂಟನೇ ನಿಮಿಷಕ್ಕೆ ಇನ್ನೊಂದು ಕೂಗು. ಕಣ್ಣು ಬಿಟ್ಟಾಗ ಗಂಟೆ 1.40.

ಮಲಗಿದ್ದು 9.05, ಎದ್ದದ್ದು 1.40. ನಾಲ್ಕೂವರೆ ಗಂಟೆ. ಎರಡು ಸಲ ಓದಿ ನೋಡಿದೆ.

ಶಿವಾನಿ ಅಂದಳು, "ಮೂರು ವಿಷಲ್ ಐತೆ ಅಪ್ಪಾ. ಮೂರನೇದಾದ್ಮೇಲೆ ಅಮ್ಮ ನನ್ನ ಬೈದಿರೋದೂ ಬಂದದೆ. ಬೇರೆ ಮಾಡ್ಕೊಡ್ಲಾ?"

ಬೇಡ ಅಂದೆ.

22-2-25

ವಾರವಾಯಿತು. ಮೊದಲ ವಿಷಲ್‌ಗೆ ಕೈಕಾಲು ಸಡಿಲ. ಎರಡನೆಯದಕ್ಕೆ ಆಸಾಮಿ ಇಲ್ಲ. ಮೂರನೆಯದನ್ನು ಇದುವರೆಗೆ ಕೇಳಿಲ್ಲ. ಮುನಿಲಕ್ಷ್ಮಿಗೆ ಅದೇ ತಮಾಷೆ. "ನನ್ನ ಬೈಗುಳ ಬರೋಕೆ ಮುಂಚೆ ಮಲಿಕ್ಕೊಂಡ್ಬಿಡ್ತಾರೆ. ಜಾಣ."

ಟೀ ಮೂರಕ್ಕೆ ಇಳಿದಿದೆ. ಮೈ ಹಗುರ. ಡಾಕ್ಟರಿಗೆ ಈಗಲೇ ಹೋಗಿ ತೋರಿಸೋಣ ಅನ್ನಿಸುತ್ತದೆ.

25-2-25

ನನ್ನ ಹಿಂದಿನ ಮೊದಲ ಸೀಟು ಅನಿತಳದು. ಇಪ್ಪತ್ತೆರಡರ ಹುಡುಗಿ. ಯಲ್ದೂರಿನಾಚೆಯ ಹಳ್ಳಿ, ಮನೆ ರಸ್ತೆಗೇ ಅಂಟಿಕೊಂಡಿದೆ. ತಂದೆ ಇಲ್ಲ, ತಾಯಿ ಮುನಿಶಾಮಮ್ಮ ಕೂಲಿಗೆ ಹೋಗುತ್ತಾರೆ. ಹಗಲು ಲಾರಿ ಸದ್ದಿಗೆ ಕಣ್ಣು ಮುಚ್ಚಲಾಗುವುದಿಲ್ಲ, ಫ್ಯಾಕ್ಟರಿ ಲೈನಿನಲ್ಲಿ ನಿಂತೇ ತೂಕಡಿಸುತ್ತೇನೆ ಅಂತ ಅತ್ತಳು. ನನ್ನ ಮಳೆಯನ್ನು ಬ್ಲೂಟೂತಿನಲ್ಲಿ ಕಳಿಸಿದೆ.

27-2-25

"ಅಣ್ಣಾ, ಅವತ್ತು ನಿಮ್ಮನೇಲಿ ಏನು ಬೇಯ್ತಿತ್ತು?" ಬಸ್ಸು ಹತ್ತುತ್ತಲೇ ಕೇಳಿದಳು ಅನಿತ.

"ಅವರೆಕಾಳು ಸಾರು."

"ಅದಕ್ಕೇ ಅಷ್ಟು ನಿದ್ದೆ. ನಮ್ಮಮ್ಮ ಎಬ್ಬಿಸಿ ಸಾಕಾದ್ಲು."

ಹಿಂದಿನವರೆಲ್ಲ ನಕ್ಕರು. ಇನ್ನೂ ನಾಲ್ಕೈದು ಜನ ಕೇಳಿ ಹಾಕಿಸಿಕೊಂಡರು. ಈಗ ಬೆಳಗಿನ ಟ್ರಿಪ್ಪಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೋಲಾರ ದಾಟುವಷ್ಟರಲ್ಲಿ ಸಾಲಾಗಿ ಕತ್ತು ವಾಲಿಸುತ್ತಾರೆ. ಕನ್ನಡಿಯಲ್ಲಿ ನೋಡಿ ಖುಷಿಯಾಗುತ್ತದೆ. ಏನೋ ಒಂದು ಒಳ್ಳೇದು ಮಾಡಿದೆ ಅನ್ನಿಸುತ್ತದೆ.

4-3-25

ಟ್ರಾವೆಲ್ಸ್ ಸೂಪರ್‌ವೈಸರ್ ಶ್ರೀಧರ್ ಫೋನು. ಒಬ್ಬ ಡ್ರೈವರ್ ಬಿಟ್ಟು ಹೋಗಿದ್ದಾನೆ, ಮಧ್ಯಾಹ್ನದ ಶಿಫ್ಟಿನ ಟ್ರಿಪ್ಪೂ ನಾನೇ ಹೊಡೆಯಬೇಕು. ಹನ್ನೆರಡಕ್ಕೆ ಶ್ರೀನಿವಾಸಪುರದಲ್ಲಿ ಇರಬೇಕು. ಹಾಗಾದರೆ ಮಲಗುವುದು ಯಾವಾಗ ಅಂತ ಕೇಳಿದೆ.

"ಎರಡು ವಾರ ಅಡ್ಜಸ್ಟ್ ಮಾಡ್ಕೊ ಭೀಮಣ್ಣ. ನಿನ್ನಂಥ ಸೀನಿಯರ್ರೇ ಹಿಂಗಂದ್ರೆ ಹೆಂಗೆ?"

ಸೀನಿಯರ್ ಅಂದರೆ ಸಾಕು, ನಾನು ಬಗ್ಗುತ್ತೇನೆ. ಅದು ಅವನಿಗೆ ಗೊತ್ತು.

9-3-25, ಭಾನುವಾರ

ಇವತ್ತೊಂದು ತಮಾಷೆ. ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಒಳಗೆ ಮುನಿಲಕ್ಷ್ಮಿ ಕುಕ್ಕರ್ ಇಟ್ಟಿದ್ದಳು. ಒಂದು ಕೂಗಿಗೆ ಆಕಳಿಕೆ ಬಂತು. ಎರಡನೆಯದಕ್ಕೆ ಗದ್ದ ಎದೆಗೆ ತಾಗಿತು. ಶಿವಾನಿ ಭುಜ ಅಲುಗಿಸಿದಾಗ ಮುದ್ದೆ ಮುರಿದ ಕೈ ಸಾರಿನಲ್ಲೇ ನಿಂತಿತ್ತು. ಹಗಲು ಎರಡು ಗಂಟೆ. ತಾಯಿ ಮಗಳು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಡಾಕ್ಟರು ಓದಿದರೆ ಅವರೂ ನಗಲಿ ಅಂತ ಬರೆದಿಟ್ಟೆ.

18-3-25

ಮಲಗಿದ್ದು 9.15. ಎದ್ದದ್ದು 11.10. ಟೀ ಎಂಟು.

ಎರಡು ವಾರ ಮುಗಿಯಿತು. ಶ್ರೀಧರ್‌ಗೆ ಫೋನು ಮಾಡಿದೆ. ಹಬ್ಬ ಕಳೀಲಿ ಅಂದ. ಬೆಳಗಿನ ಟ್ರಿಪ್ಪಿನಲ್ಲಿ ಹಸಿಮೆಣಸಿನಕಾಯಿ ಕಚ್ಚಿಕೊಂಡು ಓಡಿಸುತ್ತಿದ್ದೇನೆ. ಬಾಯೆಲ್ಲ ಹುಣ್ಣು.

26-3-25, ಬುಧವಾರ

ಮಲಗಿದ್ದು 9.20. ಎದ್ದದ್ದು 11.05. ಟೀ ಒಂಬತ್ತು.

ಅನಿತಳ ಇಯರ್‌ಫೋನು ಕೆಟ್ಟಿದೆಯಂತೆ. ಭಾನುವಾರ ಯುಗಾದಿಗೆ ಹೊಸದು ತಗೊಳ್ಳುತ್ತಾಳಂತೆ. ಶ್ರೀಧರ್ ಫೋನು ಎತ್ತುತ್ತಿಲ್ಲ.

16-4-25

ಎಡಗೈ ಬರಹ. ಬಲಗೈ ಪ್ಲಾಸ್ಟರಿನಲ್ಲಿದೆ. ಬುಕ್ಕನ್ನು ಶೆಡ್ಡಿನಿಂದ ಮುನಿಲಕ್ಷ್ಮಿ ತಂದಿಟ್ಟಿದ್ದಾಳೆ. ತೆರೆದು ನೋಡಿಲ್ಲ ಅನ್ನಿಸುತ್ತದೆ.

27ರ ಬೆಳಗ್ಗೆ. ಕೋಲಾರ ದಾಟಿ ಶ್ರೀನಿವಾಸಪುರದ ಕಡೆ ಬರುತ್ತಿದ್ದೆವು. ಅನಿತ ಹಿಂದಿನಿಂದ ಬಗ್ಗಿ ಕೇಳಿದಳು. "ಅಣ್ಣಾ, ಮಳೆ ಫೋನಲ್ಲೇ ಮೆಲ್ಲಗೆ ಹಾಕ್ಕೊಳ್ಲಾ? ನಿಮಗೆ ತೊಂದ್ರೆ ಇಲ್ವಾ?"

"ಹಾಕ್ಕೊಳಮ್ಮ, ನಮ್ಮನೆ ಮಳೇನೇ ಅಲ್ವಾ" ಅಂದೆ. ಹೆಮ್ಮೆಯಿಂದ ಅಂದೆ.

ಮೊದಲ ವಿಷಲ್ ಕೇಳಿದೆ. ಮೆಣಸಿನಕಾಯಿ ಕಚ್ಚಿದೆ. ಎರಡನೆಯದೂ ಕೇಳಿತು. ಮುಂದೆ ಕೆರೆ ಏರಿಯ ತಿರುವು ಇತ್ತು, ನೀರಿನ ಮೇಲೆ ಬಿಸಿಲು ಇತ್ತು. ಅಲ್ಲಿಯವರೆಗೆ ನೆನಪಿದೆ.

ಆಮೇಲೆ ಬಸ್ಸು ಮಗ್ಗುಲಾಗಿ ಏರಿಯ ಕೆಳಗೆ ಬಿದ್ದಿತ್ತು. ಕಿರುಚಾಟ. ಗಾಜು. ನಾನು ಯಾರ ಕಾಲ ಮೇಲೋ ಇದ್ದೆ. ಆ ಗದ್ದಲದಲ್ಲೂ ಮಳೆ ಸುರಿಯುತ್ತಲೇ ಇತ್ತು... ಫೋನು ಎಲ್ಲೋ ಸೀಟಿನ ಕೆಳಗೆ. ಆಗ ಕೇಳಿತು. ಮೂರನೇ ವಿಷಲ್. ಅದರ ಬೆನ್ನಿಗೆ ನನ್ನ ಹೆಂಡತಿಯ ದನಿ — "ಶಿವಾನಿ, ಸ್ಟೌವ್ ಆಫ್ ಮಾಡೇ. ಕಿವಿ ಕೇಳ್ಸಲ್ವಾ ನಿಂಗೆ?"

ಎರಡಕ್ಕೂ ಮೂರಕ್ಕೂ ನಡುವೆ ಒಂದು ನಿಮಿಷ ನಲವತ್ತು ಸೆಕೆಂಡು. ಆಮೇಲೆ ಒಂದು ಸಲ ನನ್ನ ಫೋನಿನಲ್ಲಿ ಹಾಕಿ ನೋಡಿದೆ.

ಮುರಿದ ಕೈಯಲ್ಲೇ ಎಳೆದು ಎಳೆದು ಹೊರಗೆ ಹಾಕಿದೆ. ಹನ್ನೊಂದು ಜನಕ್ಕೆ ಪೆಟ್ಟು. ಉಳಿದವರು ಬಚಾವು. ಅನಿತಳನ್ನೂ ನಾನೇ ಎಳೆದದ್ದು. ಜೀವ ಇರಲಿಲ್ಲ.

17-4-25

ನಿನ್ನೆ ಬರೆಯದೆ ಬಿಟ್ಟದ್ದು.

ಆಸ್ಪತ್ರೆಗೆ ಮೊದಲು ಬಂದವನು ಶ್ರೀಧರ್. ಮಂಚದ ಪಕ್ಕ ಕೂತು ಕಿವಿಯಲ್ಲಿ ಹೇಳಿದ. "ನಾಯಿ ಅಡ್ಡ ಬಂತು ಅನ್ನು. ಅಷ್ಟೇ. ಜಾಸ್ತಿ ಮಾತು ಬೇಡ. ನಿಂಗೂ ಒಳ್ಳೇದು." ಪೊಲೀಸರು ಕೇಳಿದರು. ನಾಯಿ ಅಡ್ಡ ಬಂತು ಅಂದೆ. ಬರೆದುಕೊಂಡರು. ಎಡಗೈ ಹೆಬ್ಬೆಟ್ಟು ಒತ್ತಿದೆ. ಜಾಮೀನು ಆಯಿತು.

ಊರಿನಲ್ಲಿ ನನಗೆ ಮರ್ಯಾದೆ ಹೆಚ್ಚಿದೆ. ಮುರಿದ ಕೈಯಲ್ಲಿ ಮೂವತ್ತು ಜನರನ್ನು ಎಳೆದ ಅನ್ನುತ್ತಾರೆ. ಮೂಕಪ್ರಾಣಿ ಉಳಿಸಲು ಹೋಗಿ ಹೀಗಾಯಿತು ಅನ್ನುತ್ತಾರೆ. ಕೇಳಿಸಿಕೊಂಡು ಸುಮ್ಮನೆ ಕೂರುತ್ತೇನೆ. ಥೂ ನನ್ನ ಜನ್ಮಕ್ಕೆ.

9-3ರಂದು ಬರೆದದ್ದನ್ನು ಓದಿದೆ. ಗೊತ್ತಿತ್ತು. ಕುಕ್ಕರ್ ಕೂಗಿದರೆ ನಾನು ಏನಾಗುತ್ತೇನೆ ಅಂತ ನನಗೆ ಗೊತ್ತಿತ್ತು. ನನ್ನ ಕೈಬರಹದಲ್ಲೇ ಇದೆ.

ಶಿವಾನಿಗೆ ಹೇಳುವ ಹಾಗಿಲ್ಲ. ರೆಕಾರ್ಡ್ ಮಾಡಿದವಳು ಅವಳು. ಜೀವನವಿಡೀ ತಾನೇ ಕೊಂದೆ ಅಂದುಕೊಳ್ಳುತ್ತಾಳೆ.

20-4-25, ಭಾನುವಾರ

ಮುನಿಶಾಮಮ್ಮ ಬಂದಿದ್ದರು. ಅನಿತಳ ತಾಯಿ. ನಾಲ್ಕು ಮೈಲಿ ನಡೆದು ಬಂದಿದ್ದಾರೆ. ಬೈಯಲು ಬಂದಿರಬೇಕು ಅಂದುಕೊಂಡೆ. ಬೈಯಲಿ ಅಂತ ಕಾದೆ.

ಸೆರಗಿನಿಂದ ಒಂದು ಫೋನು ತೆಗೆದರು. ಗಾಜು ಒಡೆದಿದೆ. ಅನಿತಳದು. ಪೊಲೀಸರು ವಾಪಸ್ಸು ಕೊಟ್ಟರಂತೆ.

"ನಾಯ್ನಾ, ಇದ್ರಾಗೆ ಮಳೆ ಅದೆ ಅಂತೆ. ದಿನಾ ಅದನ್ನ ಹಾಕ್ಕೊಂಡೇ ಮಲಗೋಳು. ನೀನೇ ಕೊಟ್ಟಿದ್ದಂತೆ. ಅವ್ಳು ಹೋದಾಗಿಂದ ನಂಗೆ ಕಣ್ಣು ಮುಚ್ಚಾಕಾಗ್ತಿಲ್ಲ. ಹಾಕ್ಕೊಡು ನಾಯ್ನಾ, ನಂಗೆ ಇದು ಬರಲ್ಲ."

ಫೋನಿಗೆ ಲಾಕ್ ಇರಲಿಲ್ಲ. ಹುಡುಕುವುದೇ ಬೇಕಾಗಲಿಲ್ಲ, ಕೊನೆಗೆ ಹಾಕಿದ್ದು ಅದೇ. ಹೆಸರು 'ಭೀಮಣ್ಣನ ಮಳೆ' ಅಂತ ಇಟ್ಟುಕೊಂಡಿದ್ದಳು.

ಜಗಲಿಯಲ್ಲಿ ಗೋಡೆಗೆ ಒರಗಿ ಕೂತರು. ಮಳೆ ಶುರು. ಮೊದಲ ವಿಷಲ್‌ಗೆ, "ಇದೇನು, ಕುಕ್ಕರಾ?" ಅಂದರು. ಎರಡನೆಯದಕ್ಕೆ ತಲೆ ಒಂದು ಕಡೆ ವಾಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಕನ್ನಡಿಯಲ್ಲಿ ಅನಿತ ಹೀಗೇ ಕಾಣುತ್ತಿದ್ದಳು.

ಮೂರನೆಯದನ್ನು ನಾನೊಬ್ಬನೇ ಕೇಳಿದೆ. ಆರಿಸಲಿಲ್ಲ. ಆರಿಸಿದರೆ ಎಚ್ಚರವಾಗಬಹುದು.

ಮೂರು ಗಂಟೆ ಮಲಗಿದರು. ಮುನಿಲಕ್ಷ್ಮಿ ಅನ್ನ ಬಡಿಸಿದಳು. ಊಟ ಮಾಡುತ್ತಾ ಕೇಳಿದರು.

"ಆ ನಾಯಿ ಯಾವ ಬಣ್ಣ ನಾಯ್ನಾ?"

"ಯಾಕಕ್ಕಾ?"

"ಸುಮ್ನೆ. ಆ ಏರಿ ಮೇಲೆ ಹೋಗಿ ಬರ್ತಿರ್ತೀನಿ. ನಾಕೈದು ನಾಯಿ ಅವೆ. ಯಾವ್ದು ಅಂತ ಗೊತ್ತಾಗಲ್ಲ."

"ಬಿಳೀದು" ಅಂದೆ. ಹೇಗೆ ಬಂತೋ ಬಾಯಿಗೆ.

23-4-25

ಇವತ್ತೂ ಬಂದಿದ್ದರು. ಫೋನು ಚಾರ್ಜ್ ಮಾಡಿಕೊಟ್ಟೆ, ಹಾಕುವುದು ಹೇಗೆ ಅಂತ ತೋರಿಸಿಕೊಟ್ಟೆ. ಆದರೂ ಇಲ್ಲೇ ಮಲಗಿದರು. ಇಲ್ಲಿ ಚೆನ್ನಾಗಿ ಬರುತ್ತದಂತೆ.

ಏರಿ ಮೇಲೆ ಬಿಳಿ ನಾಯಿ ಒಂದೇ ಇರುವುದಂತೆ. ದಿನಾ ಅದಕ್ಕೆ ಕಲ್ಲು ಹೊಡೆದು ಬರುತ್ತಾರಂತೆ. ನಿನ್ನೆ ಅದು ಮರಿ ಹಾಕಿದ್ದು ಕಂಡಿತಂತೆ. ಕಲ್ಲು ಎತ್ತಿದ್ದವರು ಎಸೆಯಲಾಗದೆ ಬಂದರಂತೆ. "ಅದಕ್ಕೇನು ಗೊತ್ತು ಪಾಪ" ಅಂತ ಅತ್ತರು. ಮುನಿಲಕ್ಷ್ಮಿಯೂ ಅತ್ತಳು. ನಾನು ಎದ್ದು ಹಿತ್ತಲಿಗೆ ಹೋದೆ.

ಮಲಗಿದ್ದು ಇಲ್ಲ. ಎದ್ದದ್ದು ಇಲ್ಲ. 27ರಿಂದ ಬರೆಯಲು ಏನೂ ಇಲ್ಲ. ನನ್ನ ಫೋನಿನಲ್ಲೂ ಆ ಮಳೆ ಇದೆ. ಅಳಿಸಿಲ್ಲ, ಆ ಸೆಕೆಂಡು ಎಣಿಸಿದ ಮೇಲೆ ಹಾಕಿಯೂ ಇಲ್ಲ.

24-4-25, ಬೆಳಗ್ಗೆ 9.30

ಶ್ರೀಧರ್ ಫೋನು. ಕೈ ವಾಸಿಯಾದ ಮೇಲೆ ಬಾ, ಬಸ್ಸು ಕೊಡ್ತೀನಿ ಅಂದ. ಹೊಸಬನಿಗೂ ಡಬಲ್ ಟ್ರಿಪ್ ಹಾಕಿದ್ದಾನಂತೆ. ಅದನ್ನು ಅವನೇ ಹೇಳಿದ, ನಾನು ಕೇಳಲಿಲ್ಲ.

ಈ ಬುಕ್ಕು ಸುಡೋಣ ಅಂತ ಒಲೆಯ ತನಕ ಹೋದೆ. ಸುಡಲಿಲ್ಲ. ಎಷ್ಟು ಗಂಟೆ ಮಲಗಿದ್ದೆ, ಎಷ್ಟು ಸಲ ಶ್ರೀಧರ್‌ಗೆ ಫೋನು ಮಾಡಿದ್ದೆ, ಎಲ್ಲ ಇದರಲ್ಲಿದೆ. ನನ್ನ ತಪ್ಪೂ ಇದರಲ್ಲೇ ಇದೆ. ಸ್ಟೇಷನ್ನಿಗೆ ಕೊಡಬೇಕು. ಹೊಸ ಡ್ರೈವರ್ ಹಿಂದೆಯೂ ನಲವತ್ತು ಜನ ಕೂತಿದ್ದಾರೆ.

ಸ್ಟೇಷನ್ನು ಕಷ್ಟವಲ್ಲ. ಜೈಲೂ ಆಗಲಿ. ಮುನಿಶಾಮಮ್ಮನಿಗೆ ಹೇಳುವುದು ಹೇಗೆ? ಮಗಳು ಹೋದ ಈ ಒಂದು ತಿಂಗಳಲ್ಲಿ ಆಕೆಗೆ ಸಿಕ್ಕಿದ್ದು ಇದೊಂದು ನಿದ್ದೆ. ಮಗಳನ್ನು ತೆಗೆದದ್ದು ಆ ಮಳೆಯೇ ಅಂದರೆ ಆಮೇಲೆ ಯಾವ ಮಳೆ ಕೇಳಿ ಮಲಗುತ್ತಾರೆ? ಪೊಲೀಸರಿಂದ ಗೊತ್ತಾಗಬಾರದು. ನನ್ನ ಬಾಯಿಂದಲೇ ಆಗಬೇಕು.

ಬೆಳಗಿನಿಂದ ಬಾಯಲ್ಲಿ ಹೇಳಿ ನೋಡುತ್ತಿದ್ದೇನೆ. ಅಕ್ಕಾ, ನಾಯಿ ಬಂದಿರಲಿಲ್ಲ. ಅಷ್ಟು ಹೇಳಲು ಆಗುತ್ತದೆ. ಅದರ ಮುಂದಿನದಕ್ಕೆ ನಾಲಿಗೆ ಏಳುವುದಿಲ್ಲ.

ಹೊರಗೆ ಚಪ್ಪಲಿ ಬಿಟ್ಟ ಸದ್ದು. ಮುನಿಲಕ್ಷ್ಮಿ "ಬನ್ನಿ ಅಕ್ಕಾ" ಅನ್ನುತ್ತಿದ್ದಾಳೆ. ಇವತ್ತು ಮಳೆ ಹಾಕುವ ಮೊದಲೇ —