ಉಸಿರೆತ್ತಬೇಡ

ಮನೆಯಿಂದ,
ಮಂಗಳವಾರ ಬೆಳಿಗ್ಗೆ

ನನ್ನ ಚಿನಕುರುಳಿಗೆ ಅಮ್ಮನ ನೂರು ಮುತ್ತು.

ಫೋನು ಮಾಡಿದರೆ ಮಾತಿಗಿಂತ ಮೊದಲು ಅಳು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ಅಪ್ಪ ಇದ್ದಾರೆ, ಈಗಷ್ಟೇ ಕಾಫಿ ಸಪ್ಪೆಯಾಗಿದೆ ಎಂದು ರೇಗಿದರು. ಗರ ಬಡಿದಿರುವುದು ನನಗೆ. ನಿನ್ನೆಯಿಂದ ಎರಡು ಸಲ ಹಾಲು ಉಕ್ಕಿಸಿದ್ದೇನೆ.

ಆಪರೇಷನ್ ದಿನ ಆಸ್ಪತ್ರೆಯ ಮೆಟ್ಟಿಲ ಹತ್ತಿರ ನಾವಿಬ್ಬರೂ ಮಾತಾಡಿಕೊಂಡದ್ದು ನೆನಪಿದೆಯಲ್ಲ? ಕ್ಯಾನ್ಸರ್ ಎಂದು ಅಪ್ಪನ ಮುಂದೆ ಉಸಿರೆತ್ತಬಾರದು, ಶ್ವಾಸಕೋಶದಲ್ಲಿ ನೀರಿನ ಗಂಟು ಇತ್ತು ಎಂದರೆ ಸಾಕು ಎಂದು. ಡಾಕ್ಟರಿಗೂ ಕೈಮುಗಿದು ಬಾಯಿ ಮುಚ್ಚಿಸಿದೆ. ಪಾಪ, ಅವರು ಖುಷಿಯಿಂದಲೇ ಹೇಳಿದ್ದರು: ರೋಗ ಬೇಗ ಸಿಕ್ಕಿದೆ, ಕೆಟ್ಟ ಚೂರನ್ನಷ್ಟೇ ತೆಗೆದು ಉಳಿದ ಶ್ವಾಸಕೋಶವನ್ನು ಉಳಿಸಿದ್ದೇವೆ ಎಂದು. ಆ ಒಳ್ಳೆಯ ಸುದ್ದಿಯನ್ನೂ ನಾನು ನುಂಗಿಕೊಂಡೆ. ಒಂದು ಎಳೆ ಸಿಕ್ಕರೆ ಬುಡದವರೆಗೂ ಎಳೆಯುವ ಮನುಷ್ಯ ಅವರು. ಅವರ ಸೈಕಲ್ ರಿಪೇರಿ ಅಂಗಡಿಯಲ್ಲಿ ನೋಡಿಲ್ಲವೇ, ತೂತು ಸಿಗುವ ತನಕ ಟ್ಯೂಬನ್ನು ನೀರಿನಿಂದ ಎತ್ತುವುದಿಲ್ಲ.

ಮನೆಗೆ ಬಂದ ಮೇಲೆ ರಾಜೋಪಚಾರ. ಊಟ ಹಾಸಿಗೆಗೇ, ನೀರು ಬಾಯಿಗೇ. ಕೆಮ್ಮು ಬಂದರೆ ಹೊಲಿಗೆ ಬಿಟ್ಟೀತೆಂದು ತಡೆದುಕೊಳ್ಳಿ, ತಡೆದುಕೊಳ್ಳಿ ಎನ್ನುತ್ತಿದ್ದೆ. ಆಸ್ಪತ್ರೆಯವರು ಮೂರು ಉಂಡೆಗಳ ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದರಲ್ಲ, ನಳಿಗೆಯಲ್ಲಿ ಉಸಿರೆಳೆದರೆ ಉಂಡೆ ಮೇಲೇಳುವಂಥದ್ದು, ಅದು ಕಿಟಕಿಯಲ್ಲಿ ಧೂಳು ತಿನ್ನುತ್ತಿತ್ತು. ಅವರು ಬೇಡವೆಂದರು, ನಾನೂ ಸುಸ್ತಾಗುತ್ತದೆ ಬಿಡಿ ಎಂದೆ.

ನಿನ್ನೆ ಆಸ್ಪತ್ರೆಯಿಂದ ಉಸಿರಾಟದ ವ್ಯಾಯಾಮ ಹೇಳಿಕೊಡುವ ಹುಡುಗಿ ಬಂದಳು. ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟವಳೇ ಮುಖ ಗಂಟಿಕ್ಕಿದಳು. ಡಬ್ಬಿ ಕೈಗೆ ಕೊಟ್ಟರೆ ಒಂದು ಉಂಡೆ ಅಲುಗಾಡಿ ಮತ್ತೆ ಕೂತಿತು. "ಆಂಟಿ, ಕೆಳಗಿನ ಭಾಗ ಬಿಚ್ಕೊಳ್ತಾನೇ ಇಲ್ಲ, ಕಫ ಕಟ್ತಾ ಇದೆ. ಡಾಕ್ಟ್ರು ಉಳಿಸಿದ್ದನ್ನ ನೀವು ಮಲಗ್ಸಿ ಮಲಗ್ಸಿ ಮುಚ್ಚಿಸ್ತಿದ್ದೀರಲ್ಲ!" ಎಂದಳು. ದಿಂಬನ್ನು ಎದೆಗೆ ಅವಚಿಕೊಂಡು ಕೆಮ್ಮಬೇಕಂತೆ, ಕೂರಬೇಕಂತೆ, ನಡೆಯಬೇಕಂತೆ. ಇಲ್ಲವಾದರೆ ನ್ಯುಮೋನಿಯಾ ಆಗಿ ಮತ್ತೆ ಆಸ್ಪತ್ರೆಯೇ ಗತಿಯಂತೆ.

ಅವಳು ಹೋದದ್ದೇ ತಡ, ನಿನ್ನಪ್ಪನ ಮೇಲೆ ಹರಿಹಾಯ್ದೆ. ನಾನಂತೂ ಪೆದ್ದಿ, ನಿಮಗಾದರೂ ಆ ಡಬ್ಬಿ ಮುಟ್ಟಲು ಏನಾಗಿತ್ತು ಎಂದೆ. ಅವರು ಗೋಡೆ ನೋಡುತ್ತಲೇ ಹೇಳಿದರು: "ಕ್ಯಾನ್ಸರ್ ಆದೋನಿಗೆ ಇನ್ಯಾಕೆ ಆಟದ ಸಾಮಾನು?"

ಮಂಚದ ತುದಿಯಲ್ಲಿ ಕೂತೆ. ಯಾರು ಹೇಳಿದರು ಎಂದೆ. ಯಾರೂ ಹೇಳಬೇಕಿರಲಿಲ್ಲವಂತೆ. ಸ್ಟ್ರೆಚರಿನಲ್ಲಿ ಒಳಗೆ ತಳ್ಳಿಕೊಂಡು ಹೋದಾಗ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಕ್ಯಾನ್ಸರ್ ವಿಭಾಗ ಎಂದು ಬರೆದಿತ್ತಂತೆ. "ನಡೆಯೋರು ಮುಂದೆ ನೋಡ್ತೀರ. ಮಲಗಿ ಹೋಗೋನು ಮೇಲೆ ತಾನೇ ನೋಡೋದು?" ಎಂದರು. ನಾವಿಬ್ಬರೂ ಆ ಬಾಗಿಲಲ್ಲಿ ಎಷ್ಟು ಸಲ ಓಡಾಡಿದೆವು, ಒಮ್ಮೆಯಾದರೂ ತಲೆಯೆತ್ತಿದೆವಾ?

ಆಮೇಲೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ವಾಸಿ ಆಗೋ ಹಾಗಿದ್ರೆ ತಾಯಿ ಮಗಳು ಯಾಕೆ ಮುಚ್ಚಿಡ್ತಿದ್ರಿ? ಮುಗೀತು ಅಂದ್ಕೊಂಡೆ. ನಿನ್ನನ್ನ ಅಳಿಸೋದ್ಯಾಕೆ ಅಂತ ನಾನೂ ಸುಮ್ನಿದ್ದೆ."

ರೋಗ ಬಿಟ್ಟರೂ ನಮ್ಮ ಪ್ರೀತಿ ಬಿಡುತ್ತಿರಲಿಲ್ಲವಲ್ಲೇ! ಡಾಕ್ಟರು ಹೇಳಿದ್ದೆಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು ಕಣ್ಣು ಪಿಳಿಪಿಳಿ ಬಿಟ್ಟು ಕೇಳಿ, "ಹಾಗಾದ್ರೆ ಪ್ಯಾಚ್ ಹಾಕಿದ್ದಾರೆ, ಟ್ಯೂಬ್ ಹೋಗಿಲ್ಲ ಅನ್ನು" ಎಂದರು. ದಿಂಬು ಅವಚಿಕೊಂಡು ಮನೆಯೇ ಅಲುಗುವ ಹಾಗೆ ಕೆಮ್ಮಿದರು. ಗೋಡೆ ಹಿಡಿದು ಬಾಗಿಲ ತನಕ ನಡೆದರು. ನಾನು ಹಿಂದೆ ಹಿಂದೆ ಹೋದರೆ ನನ್ನನ್ನೇ ಗದರಿಸಿದರು.

ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ನಿನ್ನ ಪೆದ್ದಿ
ಅಮ್ಮ

ಮರೆತದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು: ನೀನು ಗಂಡನ ಮನೆ ಬಿಟ್ಟು ಹಾಸ್ಟೆಲ್ ಸೇರಿರುವುದನ್ನೂ ಅಪ್ಪನಿಗೆ ಹೇಳಿದೆ. ಉಸಿರೆತ್ತಬೇಡ ಎಂದು ನೀನು ನನ್ನಿಂದ ಆಣೆ ಮಾಡಿಸಿಕೊಂಡಿದ್ದೆ, ಬೈದುಕೋ. ಅವರು ತಾವಾಗಿಯೇ ಡಬ್ಬಿ ತೆಗೆದುಕೊಂಡು ಎಳೆದರು, ಎರಡನೇ ಉಂಡೆಯೂ ಎದ್ದಿತು. "ಬಾ ಅಂತ ಬರಿ. ರೈಲ್ವೆ ಸ್ಟೇಷನ್ ಮೆಟ್ಟಿಲು ಹತ್ತಿ ನಾನೇ ಕರ್ಕೊಂಡು ಬರ್ತೀನಿ. ಮೂರನೇದು ಏಳೋವರೆಗೂ ಕಾಯ್ಬೇಕು ಅಷ್ಟೆ" ಎಂದರು.